ಆಲನ್ ಡೋವರ್ ಬ್ಲಮ್‌ಲೈನ್

ಆಲನ್ ಡೋವರ್ ಬ್ಲಮ್‌ಲೈನ್ (ಜೂನ್ 29, 1903 – ಜೂನ್ 7, 1942) ಇಂಗ್ಲೆಂಡಿನ ವಿದ್ಯುತ್ ಎಂಜಿನಿಯರ್ ಮತ್ತು ಆವಿಷ್ಕಾರಕ. ದೂರವಾಣಿ, ಧ್ವನಿಮುದ್ರಣ, ದೂರದರ್ಶನ ಮತ್ತು ರೇಡಾರ್ ಕ್ಷೇತ್ರಗಳಲ್ಲಿ ಇವರು ಕೆಲಸ ಮಾಡಿದ್ದು ಎರಡು ದಶಕಕ್ಕೂ ಕಡಿಮೆ ಕಾಲ. ಅಷ್ಟರಲ್ಲಿ ಇವರ ಹೆಸರಿನಲ್ಲಿ 128 ಪೇಟೆಂಟುಗಳು ದಾಖಲಾದವು. ಸ್ಟೀರಿಯೊ ಧ್ವನಿಯ ಜನಕರೆಂದು ಇವರು ಹೆಚ್ಚು ಪ್ರಸಿದ್ಧರು. ಆದರೆ ಎಲೆಕ್ಟ್ರಾನಿಕ್ಸ್ ಓದುವ ವಿದ್ಯಾರ್ಥಿಗಳು ಇವರ ಹೆಸರನ್ನು ತಿಳಿಯದೆಯೇ ದಿನವೂ ಎದುರಾಗುವ ಇನ್ನೊಂದು ಕೊಡುಗೆ ಇದೆ; ಅದು 1936ರ 'ಉದ್ದಬಾಲದ ಜೋಡಿ', ಅಂದರೆ ಲಾಂಗ್-ಟೇಲ್ಡ್ ಪೇರ್ ಎಂಬ ವ್ಯತ್ಯಾಸ ವರ್ಧಕ. ಇಂದಿನ ಡಿಫರೆನ್ಷಿಯಲ್ ಆಂಪ್ಲಿಫೈಯರುಗಳ ಮೂಲ ವಿನ್ಯಾಸ ಇದೇ.

ಜನನ ಮತ್ತು ವಿದ್ಯಾಭ್ಯಾಸ

ಬ್ಲಮ್‌ಲೈನ್ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಜನಿಸಿದರು. ತಂದೆ ಸೆಮ್ಮಿ ಬ್ಲಮ್‌ಲೈನ್ ಜರ್ಮನಿಯಲ್ಲಿ ಹುಟ್ಟಿ ಬ್ರಿಟಿಷ್ ಪೌರತ್ವ ಪಡೆದವರು. ತಾಯಿ ಜೆಸ್ಸಿ ಡೋವರ್, ದಕ್ಷಿಣ ಆಫ್ರಿಕದಲ್ಲಿ ಮಿಷನರಿಯಾಗಿದ್ದ ಸ್ಕಾಟ್ಲೆಂಡಿನ ವಿಲಿಯಂ ಡೋವರ್ ಅವರ ಮಗಳು. ಏಳು ವರ್ಷದ ಬಾಲಕ ಆಲನ್ ಮನೆಯ ಕರೆಗಂಟೆಯನ್ನು ದುರಸ್ತಿ ಮಾಡಿ, ತನ್ನನ್ನು ವಿದ್ಯುತ್ ಎಂಜಿನಿಯರ್ ಎಂದು ಕರೆದುಕೊಂಡು ತಂದೆಗೆ ಬಿಲ್ಲು ಬರೆದುಕೊಟ್ಟನೆಂಬ ಪ್ರಸಂಗವನ್ನು ಜೀವನಚರಿತ್ರೆಕಾರರು ಉಲ್ಲೇಖಿಸುತ್ತಾರೆ. ಇದಕ್ಕೆ ವಿರುದ್ಧವಾಗಿ ಓದು ಬರಹದಲ್ಲಿ ಆತ ಬಹಳ ಹಿಂದುಳಿದಿದ್ದ. ಹನ್ನೆರಡನೆಯ ವಯಸ್ಸಿನವರೆಗೂ ಸರಾಗವಾಗಿ ಓದಲು ಬರುತ್ತಿರಲಿಲ್ಲವೆಂದು ಹೇಳಲಾಗುತ್ತದೆ. ಹಿಂದಿನ ಬೆಂಚಿನ ಮಕ್ಕಳ ಬಗ್ಗೆ ಆತುರದ ತೀರ್ಮಾನಕ್ಕೆ ಬರುವ ಶಿಕ್ಷಕರು ಗಮನಿಸಬೇಕಾದ ಸಂಗತಿಯಿದು.

ಹೈಗೇಟ್ ಶಾಲೆಯಲ್ಲಿ ಓದಿದ ಬ್ಲಮ್‌ಲೈನ್ 1921ರಲ್ಲಿ ವಿದ್ಯಾರ್ಥಿವೇತನ ಪಡೆದು ಇಂಪೀರಿಯಲ್ ಕಾಲೇಜಿನ ಅಂಗವಾದ ಸಿಟಿ ಅಂಡ್ ಗಿಲ್ಡ್ಸ್ ಕಾಲೇಜನ್ನು ನೇರವಾಗಿ ಎರಡನೆಯ ವರ್ಷಕ್ಕೆ ಸೇರಿ, ಎರಡು ವರ್ಷಗಳಲ್ಲಿ ಪ್ರಥಮ ದರ್ಜೆಯ ಪದವಿ ಗಳಿಸಿದರು. ಅಲ್ಲಿನ ಪ್ರಾಧ್ಯಾಪಕ ಎಡ್ವರ್ಡ್ ಮ್ಯಾಲೆಟ್ ಅವರೊಂದಿಗೆ ಬರೆದ ಪ್ರಬಂಧಕ್ಕೆ ಬ್ರಿಟನ್ನಿನ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯ ಬಹುಮಾನ ಬಂದಿತು. ಜೀವಮಾನದಲ್ಲಿ ಬ್ಲಮ್‌ಲೈನ್ ಆ ಸಂಸ್ಥೆಯ ಪತ್ರಿಕೆಗೆ ಬರೆದದ್ದು ಎರಡೇ ಪ್ರಬಂಧ. ಇವರ ಚಿಂತನೆಯನ್ನು ಇಂದು ತಿಳಿಯಬೇಕಾದರೆ ಪೇಟೆಂಟು ದಾಖಲೆಗಳನ್ನೇ ಆಶ್ರಯಿಸಬೇಕು. ಜನಸಾಮಾನ್ಯರಿಗೆ ಇವರ ಹೆಸರು ತಲುಪದೆ ಹೋಗಲು ಇದೂ ಒಂದು ಕಾರಣ.

ದೂರವಾಣಿ ತಂತಿಗಳ ಸಮತೋಲನ

1924ರಲ್ಲಿ ಬ್ಲಮ್‌ಲೈನ್ ಇಂಟರ್‌ನ್ಯಾಷನಲ್ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯನ್ನು ಸೇರಿದರು. ಮುಂದೆ ಇದು ಸ್ಟ್ಯಾಂಡರ್ಡ್ ಟೆಲಿಫೋನ್ಸ್ ಅಂಡ್ ಕೇಬಲ್ಸ್ ಎಂದು ಹೆಸರಾಯಿತು. ಆ ಕಾಲದಲ್ಲಿ ದೂರದ ಊರುಗಳ ನಡುವಿನ ದೂರವಾಣಿ ಕೇಬಲ್ಲುಗಳಲ್ಲಿ ಮಾತು ಕ್ಷೀಣಿಸದಿರಲೆಂದು ಅಲ್ಲಲ್ಲಿ ಲೋಡಿಂಗ್ ಕಾಯಿಲ್ ಎಂಬ ಸುರುಳಿಗಳನ್ನು ಜೋಡಿಸುತ್ತಿದ್ದರು. ಒಂದು ಸಂಭಾಷಣೆಗೆ ಎರಡು ತಂತಿ. ಪ್ರತಿ ತಂತಿಗೂ ಸುರುಳಿಯ ಒಂದೊಂದು ಅರ್ಧ. ಈ ಎರಡು ಅರ್ಧಗಳು ಸರಿಸಮವಾಗಿದ್ದರೆ, ಹೊರಗಿನಿಂದ ಎರಡೂ ತಂತಿಗಳ ಮೇಲೆ ಒಂದೇ ಪ್ರಮಾಣದಲ್ಲಿ ಬಂದು ಬೀಳುವ ವಿದ್ಯುತ್ ಗದ್ದಲ ಕಿವಿಗೆ ಕೇಳಿಸದು, ಏಕೆಂದರೆ ದೂರವಾಣಿಗೆ ಕೇಳಿಸುವುದು ತಂತಿಗಳ ನಡುವಿನ ವ್ಯತ್ಯಾಸ ಮಾತ್ರ. ಅರ್ಧಗಳಲ್ಲಿ ಸ್ವಲ್ಪ ಏರುಪೇರಾದರೂ ಸಮಾನವಾಗಿದ್ದ ಗದ್ದಲ ವ್ಯತ್ಯಾಸವಾಗಿ ಮಾರ್ಪಟ್ಟು, ಪಕ್ಕದ ಲೈನಿನ ಮಾತು ಈ ಲೈನಿನಲ್ಲಿ ಕೇಳಿಬರುತ್ತದೆ.

ಜಾನ್ ಪರ್ಸಿ ಜಾನ್ಸ್ ಅವರೊಂದಿಗೆ ಬ್ಲಮ್‌ಲೈನ್ 1925-26ರ ಸುಮಾರಿನಲ್ಲಿ ರೂಪಿಸಿದ ಹೊಸ ಬಗೆಯ ಲೋಡಿಂಗ್ ಕಾಯಿಲ್ ಈ ದೋಷವನ್ನು ಬಹುಮಟ್ಟಿಗೆ ತಗ್ಗಿಸಿತು. ಇದೇ ಜೋಡಿಯ ಕೆಲಸದಿಂದ ಹೊಸ ಅಳತೆಯ ಸೇತುವೆಯೊಂದೂ ಹೊರಬಂದಿತು. ಇದರಲ್ಲಿ ತಕ್ಕಡಿಯ ಎರಡು ತೋಳುಗಳಂತೆ ಕೆಲಸ ಮಾಡುವ ಭಾಗಗಳು ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ ಬಿಗಿಯಾಗಿ ಸುತ್ತಿದ ಎರಡು ಸುರುಳಿಗಳು. ಅವುಗಳ ಅನುಪಾತವನ್ನು ನಿರ್ಧರಿಸುವುದು ಸುತ್ತುಗಳ ಸಂಖ್ಯೆ. ಒಂದು ತೋಳಿಗೆ ನೆಲದ ಕಡೆಯಿಂದ ಏನಾದರೂ ಅನಪೇಕ್ಷಿತ ಸೋರಿಕೆ ಸೇರಿಕೊಂಡರೂ ಬಿಗಿಯಾದ ಕಾಂತ ಸಂಬಂಧದಿಂದಾಗಿ ಅನುಪಾತ ಕದಲುವುದಿಲ್ಲ. ಬಿಡಿಭಾಗಗಳನ್ನು ಪರಿಪೂರ್ಣಗೊಳಿಸಲು ಹೆಣಗುವುದಕ್ಕಿಂತ, ಅವುಗಳ ಅಪೂರ್ಣತೆ ಫಲಿತಾಂಶವನ್ನು ತಟ್ಟದಂತೆ ಮಂಡಲವನ್ನೇ ಜೋಡಿಸುವ ಈ ಕ್ರಮ ಬ್ಲಮ್‌ಲೈನರ ಮುಂದಿನ ಎಲ್ಲ ಮುಖ್ಯ ಕೆಲಸಗಳಲ್ಲೂ ಕಾಣುತ್ತದೆ.

ಕೊಲಂಬಿಯ ಮತ್ತು ಇ.ಎಂ.ಐ.

1929ರ ಮಾರ್ಚಿನಲ್ಲಿ ಇವರು ಕೊಲಂಬಿಯ ಗ್ರಾಫೊಫೋನ್ ಕಂಪನಿಗೆ ಬಂದರು. ಅಲ್ಲಿ ಇವರ ಮೇಲಧಿಕಾರಿ ರಷ್ಯಾ ಮೂಲದ ಐಸಾಕ್ ಶೋನ್‌ಬರ್ಗ್. ಗ್ರಾಮಾಫೋನ್ ತಟ್ಟೆ ಕೊರೆಯುವ ಅಮೆರಿಕದ ಸಾಧನಕ್ಕೆ ಬ್ರಿಟಿಷ್ ಕಂಪನಿಗಳು ಭಾರಿ ರಾಯಧನ ತೆರುತ್ತಿದ್ದವು; ಆ ಪೇಟೆಂಟನ್ನು ಮುಟ್ಟದೆ ಹೊಸ ಸಾಧನವೊಂದನ್ನು ಮಾಡುವುದು ಬ್ಲಮ್‌ಲೈನರಿಗೆ ವಹಿಸಿದ ಮೊದಲ ಕೆಲಸ. ಹರ್ಬರ್ಟ್ ಹೋಲ್ಮನ್ ಮೊದಲಾದ ಸಹೋದ್ಯೋಗಿಗಳ ನೆರವಿನಿಂದ ಇವರು ಚಲಿಸುವ ಸುರುಳಿಯ ಕೊರೆಯುವ ತಲೆಯನ್ನು ಸಿದ್ಧಪಡಿಸಿದರು. ಅದು ಅಗ್ಗವಾಗಿದ್ದುದಷ್ಟೇ ಅಲ್ಲ, ಹಳೆಯದಕ್ಕಿಂತ ಉತ್ತಮವೂ ಆಗಿತ್ತು. 1931ರಲ್ಲಿ ಕೊಲಂಬಿಯ ಮತ್ತು ಗ್ರಾಮಾಫೋನ್ ಕಂಪನಿಗಳು ಒಂದಾಗಿ ಇ.ಎಂ.ಐ. ಸಂಸ್ಥೆ ಹುಟ್ಟಿತು. ಲಂಡನ್ನಿನ ಪಶ್ಚಿಮಕ್ಕಿರುವ ಹೇಯ್ಸ್‌ನಲ್ಲಿದ್ದ ಅದರ ಸಂಶೋಧನಾಲಯವೇ ಕೊನೆಯವರೆಗೂ ಇವರ ಕರ್ಮಭೂಮಿಯಾಯಿತು.

ಸ್ಟೀರಿಯೊ ಧ್ವನಿ

ಮಾತಿನ ಚಿತ್ರಗಳು ಆಗಷ್ಟೇ ಬಂದಿದ್ದ ಕಾಲ. 1931ರಲ್ಲಿ ಮುಂದೆ ತಮ್ಮ ಪತ್ನಿಯಾದ ಡೊರೀನ್ ಲೇನ್ ಅವರೊಂದಿಗೆ ಚಿತ್ರಮಂದಿರದಲ್ಲಿದ್ದಾಗ, ನಟ ಪರದೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ನಡೆದರೂ ಆತನ ದನಿ ಇದ್ದಲ್ಲಿಂದಲೇ ಬರುವುದು ಬ್ಲಮ್‌ಲೈನರಿಗೆ ಅಸಹಜವೆನಿಸಿತೆಂದೂ, ಅದನ್ನು ಸರಿಪಡಿಸುವ ಉಪಾಯ ತಮಗೆ ಹೊಳೆದಿದೆಯೆಂದು ಆಗಲೇ ತಿಳಿಸಿದರೆಂದೂ ಹೇಳುವ ಕಥೆ ಪ್ರಚಾರದಲ್ಲಿದೆ. ಆ ವರ್ಷದ ಡಿಸೆಂಬರ್ 14ರಂದು ಸಲ್ಲಿಸಿದ ಪೇಟೆಂಟು ಅರ್ಜಿಯಲ್ಲಿ 70 ಹಕ್ಕೊತ್ತಾಯಗಳಿದ್ದವು. 1933ರಲ್ಲಿ ಅದು 394,325 ಎಂಬ ಸಂಖ್ಯೆಯೊಡನೆ ಮಂಜೂರಾಯಿತು. ಒಂದೇ ಸ್ಥಳದಲ್ಲಿ ಪರಸ್ಪರ ಲಂಬವಾಗಿ ನಿಲ್ಲಿಸಿದ ಎರಡು ಮೈಕ್ರೊಫೋನುಗಳಿಂದ ಹಿಡಿದು, ತಟ್ಟೆಯ ಒಂದೇ ಗೀರಿನಲ್ಲಿ ಎರಡು ಧ್ವನಿಮಾರ್ಗಗಳನ್ನು ಅಡಗಿಸುವವರೆಗೆ ಇಡೀ ವ್ಯವಸ್ಥೆ ಅದರಲ್ಲಿತ್ತು.

ಇಲ್ಲಿಯೂ ಎಡ ಮತ್ತು ಬಲ ಧ್ವನಿಗಳ ಮೊತ್ತ ಒಂದು ಕಡೆ, ಅವುಗಳ ವ್ಯತ್ಯಾಸ ಇನ್ನೊಂದು ಕಡೆ ಎಂಬ ವಿಂಗಡಣೆ ಬರುತ್ತದೆ. ಗೀರಿನ ಎರಡು ಗೋಡೆಗಳು 45 ಡಿಗ್ರಿ ವಾಲಿದ್ದು, ಸೂಜಿಯ ಅಡ್ಡ ಚಲನೆ ಮೊತ್ತವನ್ನೂ ಮೇಲೆ ಕೆಳಗಿನ ಚಲನೆ ವ್ಯತ್ಯಾಸವನ್ನೂ ಹೊತ್ತಿರುತ್ತದೆ. 1934ರ ಜನವರಿಯಲ್ಲಿ ಆಬಿ ರೋಡ್ ಸ್ಟುಡಿಯೊದಲ್ಲಿ ಥಾಮಸ್ ಬೀಚಮ್ ನಿರ್ದೇಶನದ ಮೊಜಾರ್ಟ್ ಸಿಂಫನಿಯ ತಾಲೀಮನ್ನು ಈ ರೀತಿಯಲ್ಲಿ ಮುದ್ರಿಸಲಾಯಿತು. 1935ರಲ್ಲಿ ಹೇಯ್ಸ್ ರೈಲು ನಿಲ್ದಾಣದ ರೈಲುಗಳನ್ನು ಸ್ಟೀರಿಯೊ ಧ್ವನಿಯೊಡನೆ ಚಿತ್ರೀಕರಿಸಿದರು. ರೈಲುಗಳೆಂದರೆ ಬ್ಲಮ್‌ಲೈನರಿಗೆ ಬಲು ಪ್ರೀತಿ. ಆದರೆ ಕಂಪನಿಗೆ ಇದರಲ್ಲಿ ವ್ಯಾಪಾರ ಕಾಣಲಿಲ್ಲ. ಸ್ಟೀರಿಯೊ ತಟ್ಟೆಗಳು 1958ರಲ್ಲಿ ಮಾರುಕಟ್ಟೆಗೆ ಬಂದಾಗ ಇವರು ತೀರಿಕೊಂಡು 16 ವರ್ಷಗಳಾಗಿದ್ದವು.

1933ರಲ್ಲಿ ವಿವಾಹವಾದ ಬ್ಲಮ್‌ಲೈನ್ ದಂಪತಿಗೆ ಇಬ್ಬರು ಗಂಡುಮಕ್ಕಳು.

ದೂರದರ್ಶನ ಮತ್ತು ಉದ್ದಬಾಲದ ಜೋಡಿ

ಶೋನ್‌ಬರ್ಗ್ ನೇತೃತ್ವದಲ್ಲಿ ಇ.ಎಂ.ಐ. ತಂಡ ರೂಪಿಸಿದ 405 ಗೆರೆಗಳ ದೂರದರ್ಶನ ವ್ಯವಸ್ಥೆಯನ್ನು ಬಿ.ಬಿ.ಸಿ. 1936ರ ನವೆಂಬರ್ 2ರಂದು ಲಂಡನ್ನಿನ ಅಲೆಕ್ಸಾಂಡ್ರ ಪ್ಯಾಲೇಸಿನಿಂದ ಬಿತ್ತರಿಸಲಾರಂಭಿಸಿತು. ಆರಂಭದಲ್ಲಿ ಜಾನ್ ಲೋಗಿ ಬೇರ್ಡ್ ಅವರ ವ್ಯವಸ್ಥೆಯೊಂದಿಗೆ ಸರದಿಯ ಮೇಲೆ ನಡೆದ ಈ ಪ್ರಸಾರ, 1937ರ ಫೆಬ್ರವರಿಯಿಂದ ಇ.ಎಂ.ಐ. ವ್ಯವಸ್ಥೆಯೊಂದರಲ್ಲೇ ಮುಂದುವರಿಯಿತು. ಇದು ಒಬ್ಬರ ಸಾಧನೆಯಲ್ಲ, ಸಿ. ಒ. ಬ್ರೌನ್, ಇ. ಎಲ್. ಸಿ. ವೈಟ್, ಜೆ. ಡಿ. ಮೆಕ್‌ಗೀ ಮುಂತಾದವರ ಪಾಲು ದೊಡ್ಡದು. ಮಂಡಲಗಳ ವಿನ್ಯಾಸದಲ್ಲಿ ಮಾತ್ರ ಬ್ಲಮ್‌ಲೈನ್ ಅಗ್ರಗಣ್ಯರು. ಕಟ್ಟಿ ನೋಡಿ ತಿದ್ದುವ ಬದಲು ಕಾಗದದ ಮೇಲೆ ಲೆಕ್ಕ ಹಾಕಿದಂತೆಯೇ ಮಂಡಲ ನಡೆದುಕೊಳ್ಳಬೇಕು, ವಾಲ್ವು ಬದಲಾಯಿಸಿದರೂ ಅದರ ನಡತೆ ಬದಲಾಗಬಾರದು ಎಂಬುದು ಇವರ ಹಟವಾಗಿತ್ತು.

1937ರ ಮೇ 12ರಂದು ಆರನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ಮೆರವಣಿಗೆಯನ್ನು ಹೈಡ್ ಪಾರ್ಕ್ ಕಾರ್ನರ್‌ನಿಂದ ನೇರವಾಗಿ ತೋರಿಸಲಾಯಿತು. ಚಿತ್ರದ ಸಂಕೇತವನ್ನು ನಗರದ ಅಡಿಯಲ್ಲಿ ಹಾಯಿಸಿದ ಎರಡು ತಂತಿಗಳ ವಿಶೇಷ ಕೇಬಲ್ ಅಲೆಕ್ಸಾಂಡ್ರ ಪ್ಯಾಲೇಸಿಗೆ ಒಯ್ಯಿತು. ಇಂಥ ಕೇಬಲ್ಲಿನಲ್ಲಿ ದೂರವಾಣಿಯ ಹಳೆಯ ತೊಡಕೇ ಮತ್ತೆ ತಲೆಯೆತ್ತುತ್ತದೆ. ವಿದ್ಯುತ್ ಸರಬರಾಜಿನ ಲೈನುಗಳಿಂದ ಎರಡು ತಂತಿಗಳಿಗೂ ಒಂದೇ ಬಗೆಯ ಗದ್ದಲ ಹತ್ತುತ್ತದೆ. ಕೇಬಲ್ಲಿನ ಎರಡು ತುದಿಗಳ ಭೂಸಂಪರ್ಕಗಳ ನಡುವೆಯೂ ವೋಲ್ಟೇಜಿನ ಅಂತರವಿರುತ್ತದೆ. ಎರಡು ತಂತಿಗಳಿಗೂ ಸಮಾನವಾದ ಈ ಅನಪೇಕ್ಷಿತ ವೋಲ್ಟೇಜಿಗೆ ಕಾಮನ್-ಮೋಡ್ ವೋಲ್ಟೇಜ್ ಎನ್ನುತ್ತಾರೆ. ದೂರವಾಣಿಯಲ್ಲಾದರೆ ತುದಿಯಲ್ಲೊಂದು ಟ್ರಾನ್ಸ್‌ಫಾರ್ಮರ್ ಇಟ್ಟು ಇದನ್ನು ತಡೆಯಬಹುದು. ದೂರದರ್ಶನದ ಸಂಕೇತವಾದರೋ ಸೆಕೆಂಡಿಗೆ ಕೆಲವೇ ಆವರ್ತನಗಳಿಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಆವರ್ತನಗಳವರೆಗೆ ಹರಡಿಕೊಂಡಿರುತ್ತದೆ. ಅಷ್ಟು ವ್ಯಾಪ್ತಿಯನ್ನು ಸಮನಾಗಿ ಸಾಗಿಸುವ ಟ್ರಾನ್ಸ್‌ಫಾರ್ಮರ್ ಮಾಡುವುದು ಕಷ್ಟ. ವಾಲ್ವುಗಳೇ ಆ ಕೆಲಸ ಮಾಡಬೇಕಾಗಿತ್ತು.

ಎರಡು ವಾಲ್ವುಗಳನ್ನು ಬೇರೆಬೇರೆಯಾಗಿ ಬಳಸಿ, ಆಮೇಲೆ ಒಂದರ ಫಲದಿಂದ ಇನ್ನೊಂದರದನ್ನು ಕಳೆದರಾಗದೆ ಎಂಬ ಪ್ರಶ್ನೆ ಸಹಜ. ಒಂದು ಉದಾಹರಣೆಯಿಂದ ಅದರ ತೊಂದರೆ ತಿಳಿಯುತ್ತದೆ. ಬೇಕಾದ ಸಂಕೇತ 1 ಮಿಲಿವೋಲ್ಟ್, ಸಮಾನವಾಗಿ ಬಂದ ಗದ್ದಲ 1 ವೋಲ್ಟ್ ಎಂದುಕೊಳ್ಳೋಣ. ಎರಡು ವಾಲ್ವುಗಳ ವರ್ಧನೆಯಲ್ಲಿ ಶೇಕಡ 1ರಷ್ಟು ಹೆಚ್ಚುಕಡಿಮೆಯಿದ್ದರೆ, ಕಳೆದ ಮೇಲೂ 10 ಮಿಲಿವೋಲ್ಟಿಗೆ ಸಮನಾದ ಗದ್ದಲ ಉಳಿಯುತ್ತದೆ. ಅದು ಸಂಕೇತದ ಹತ್ತರಷ್ಟು! ಒಂದೇ ಪೆಟ್ಟಿಗೆಯಿಂದ ತೆಗೆದ ಎರಡು ವಾಲ್ವುಗಳೂ ಶೇಕಡ 1ರಷ್ಟು ನಿಖರವಾಗಿ ಹೊಂದುವುದು ಅಪರೂಪ. ಹೊಂದಿದರೂ ಬಳಸುತ್ತ ಬಂದಂತೆ ಬೇರೆಬೇರೆ ರೀತಿಯಲ್ಲಿ ಹಳತಾಗುತ್ತವೆ.

ಬ್ಲಮ್‌ಲೈನ್ ಎರಡು ವಾಲ್ವುಗಳ ಕ್ಯಾಥೋಡುಗಳನ್ನು ಒಟ್ಟಿಗೆ ಸೇರಿಸಿ, ಅಲ್ಲಿಂದ ಒಂದೇ ಒಂದು ದೊಡ್ಡ ರೋಧಕವನ್ನು ಋಣ ವೋಲ್ಟೇಜಿಗೆ ಕಟ್ಟಿದರು. ನಕ್ಷೆಯಲ್ಲಿ ಜೋಡಿಯ ಕೆಳಗೆ ಬಾಲದಂತೆ ತೂಗುವ ಈ ರೋಧಕದಿಂದಲೇ ಹೆಸರು ಬಂದಿತು. ರೋಧ ಹೆಚ್ಚಿದಷ್ಟೂ ಬಾಲ 'ಉದ್ದ'. ಎರಡು ಗ್ರಿಡ್‌ಗಳ ವೋಲ್ಟೇಜೂ ಒಟ್ಟಿಗೆ 1 ವೋಲ್ಟ್ ಏರಿದರೆ ಕ್ಯಾಥೋಡಿನ ವೋಲ್ಟೇಜೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ನೀರು ಏರಿದಾಗ ದೋಣಿಯೂ ಅದರಲ್ಲಿ ಕುಳಿತವರೂ ಒಟ್ಟಿಗೆ ಏರುವಂತೆ, ಗ್ರಿಡ್ಡಿಗೂ ಕ್ಯಾಥೋಡಿಗೂ ನಡುವಿನ ಅಂತರ ಮೊದಲಿನಂತೆಯೇ ಉಳಿಯುವುದರಿಂದ ವಾಲ್ವುಗಳಿಗೆ ಬದಲಾವಣೆಯ ಅರಿವೇ ಆಗುವುದಿಲ್ಲ. ಒಂದು ಗ್ರಿಡ್ ಏರಿ ಇನ್ನೊಂದು ಇಳಿದಾಗಲಾದರೋ ಬಾಲದಲ್ಲಿ ಹರಿಯುವ ಒಟ್ಟು ಪ್ರವಾಹ ಸ್ಥಿರವಾಗಿರುವುದರಿಂದ, ಒಂದು ವಾಲ್ವು ಬಿಟ್ಟುಕೊಟ್ಟ ಪ್ರವಾಹವನ್ನು ಇನ್ನೊಂದು ಎತ್ತಿಕೊಳ್ಳುತ್ತದೆ. ವ್ಯತ್ಯಾಸ ಪೂರ್ಣವಾಗಿ ವರ್ಧಿಸುತ್ತದೆ.

ಮೇಲಿನ ಉದಾಹರಣೆಯನ್ನೇ ಮುಂದುವರಿಸಬಹುದು. ಗ್ರಿಡ್ಡಿನ ಪ್ರತಿ ವೋಲ್ಟಿಗೆ 2 ಮಿಲಿಆಂಪಿಯರ್ ಪ್ರವಾಹ ಬದಲಿಸುವ ವಾಲ್ವುಗಳು, 50,000 ಓಮ್‌ನ ಬಾಲ ಎಂದಿಟ್ಟುಕೊಂಡರೆ, 1 ವೋಲ್ಟಿನ ಸಮಾನ ಏರಿಕೆಗೆ ಬಾಲದ ಪ್ರವಾಹ ಬದಲಾಗುವುದು ಸುಮಾರು 0.02 ಮಿಲಿಆಂಪಿಯರ್, ಒಂದೊಂದು ವಾಲ್ವಿನ ಪಾಲಿಗೆ 0.01. ಬಾಲವಿಲ್ಲದಿದ್ದರೆ ಇದು 2 ಮಿಲಿಆಂಪಿಯರ್ ಆಗುತ್ತಿತ್ತು. ಗದ್ದಲ 200ರಲ್ಲಿ ಒಂದು ಪಾಲಿಗೆ ಇಳಿಯಿತು. ಈಗಲೂ ವಾಲ್ವುಗಳಲ್ಲಿ ಶೇಕಡ 1ರ ಹೆಚ್ಚುಕಡಿಮೆ ಇದ್ದೇ ಇದೆ, ಆದರೆ ಅದರಿಂದ ನುಸುಳುವ ಗದ್ದಲ 0.05 ಮಿಲಿವೋಲ್ಟಿಗೆ ಮಾತ್ರ ಸಮ. ಸಂಕೇತದ ಇಪ್ಪತ್ತನೆಯ ಒಂದು ಭಾಗ. ವಾಲ್ವುಗಳನ್ನು ಹೊಂದಿಸುವ ಗೋಜಿಗೆ ಹೋಗದೆ ಇಷ್ಟು ದಕ್ಕಿತು.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಅಷ್ಟು ದೊಡ್ಡ ರೋಧಕದಲ್ಲಿ 4 ಮಿಲಿಆಂಪಿಯರ್ ಹರಿದರೆ 200 ವೋಲ್ಟ್ ಅಲ್ಲೇ ಖರ್ಚಾಗುತ್ತದೆ. ಆದ್ದರಿಂದಲೇ ಪ್ರತ್ಯೇಕ ಋಣ ಸರಬರಾಜು ಬೇಕು. ಸಮಾನ ವೋಲ್ಟೇಜು ಮಿತಿಮೀರಿ ಏರಿದರೆ ಕ್ಯಾಥೋಡು ಆನೋಡಿನ ಸಮೀಪಕ್ಕೆ ಬಂದು ವಾಲ್ವು ಕೆಲಸ ನಿಲ್ಲಿಸುತ್ತದೆ. ಅಲ್ಲದೆ ಎರಡು ವಾಲ್ವುಗಳ ಸ್ವಂತ ಅಸಮತೆಯಿಂದ ಗ್ರಿಡ್‌ಗಳ ನಡುವೆ ಹುಟ್ಟುವ ಸಣ್ಣ ಅಂತರವನ್ನು ಬಾಲ ಗುಣಪಡಿಸಲಾರದು. ಮಂಡಲಕ್ಕೆ ಅದು ಸಂಕೇತದಂತೆಯೇ ಕಾಣುತ್ತದೆ. ಪಠ್ಯಪುಸ್ತಕಗಳಲ್ಲಿ ಆಫ್‌ಸೆಟ್ ಎಂದು ಕರೆಯುವುದು ಇದನ್ನೇ. ಉದ್ದನೆಯ ಬಾಲವಿದ್ದರೆ ಎಲ್ಲ ಅಸಮತೆಯೂ ಮಾಯವಾಗುತ್ತದೆಂದು ವಿದ್ಯಾರ್ಥಿಗಳು ಭಾವಿಸುವುದುಂಟು, ಅದು ಸರಿಯಲ್ಲ.

1936ರಲ್ಲಿ ಅರ್ಜಿ ಸಲ್ಲಿಸಿದ ಈ ಪೇಟೆಂಟಿನ ಬ್ರಿಟಿಷ್ ಸಂಖ್ಯೆ 482,740. ವ್ಯತ್ಯಾಸವನ್ನು ವರ್ಧಿಸುವ ಆಲೋಚನೆ ಬ್ಲಮ್‌ಲೈನ್ ಒಬ್ಬರದೇ ಎನ್ನಲಾಗದು. ಕೇಂಬ್ರಿಜ್‌ನ ಶರೀರವಿಜ್ಞಾನಿ ಬಿ. ಎಚ್. ಸಿ. ಮ್ಯಾಥ್ಯೂಸ್ ನರ ಮತ್ತು ಮಿದುಳಿನ ಸೂಕ್ಷ್ಮ ವಿದ್ಯುತ್ತನ್ನು ದಾಖಲಿಸಲು 1934ರಲ್ಲೇ ಎರಡು ವಾಲ್ವುಗಳ ವ್ಯತ್ಯಾಸ ವರ್ಧಕವನ್ನು ಪ್ರಕಟಿಸಿದ್ದರು. ಅಮೆರಿಕದ ಆಟೊ ಸ್ಮಿಟ್ ಮತ್ತು ಜರ್ಮನಿಯ ಯಾನ್ ಟನ್ನೀಸ್ ಅವರೂ ಅದೇ ದಶಕದಲ್ಲಿ ಇದೇ ದಾರಿಯಲ್ಲಿ ಸಾಗಿದರು. ಬಾಲವನ್ನು ಉದ್ದೇಶಪೂರ್ವಕವಾಗಿ ಉದ್ದ ಮಾಡಿ, ಸಮಾನ ವೋಲ್ಟೇಜನ್ನು ತಡೆಯುವ ಮುಖ್ಯ ಭಾಗವಾಗಿಸಿದ್ದು ಬ್ಲಮ್‌ಲೈನರ ವಿಶೇಷ. ಮುಂದೆ ಟ್ರಾನ್ಸಿಸ್ಟರುಗಳು ಬಂದಾಗ ರೋಧಕದ ಜಾಗದಲ್ಲಿ ಸ್ಥಿರ ಪ್ರವಾಹದ ಮೂಲ ಕುಳಿತಿತು. ಒಂದೇ ಸಿಲಿಕಾನ್ ಚೂರಿನ ಮೇಲೆ ಅಕ್ಕಪಕ್ಕ ತಯಾರಾಗುವುದರಿಂದ ಜೋಡಿಯ ಹೊಂದಾಣಿಕೆಯೂ ಸುಲಭವಾಯಿತು. ಆಪರೇಷನಲ್ ಆಂಪ್ಲಿಫೈಯರ್ ಚಿಪ್ಪುಗಳ ಮೊದಲ ಹಂತದಲ್ಲಿ ಇರುವುದು ಈ ಜೋಡಿಯೇ.

ಕ್ಯಾಥೋಡ್ ಫಾಲೋಯರ್ (1934), ಅಲ್ಟ್ರಾ-ಲೀನಿಯರ್ ವರ್ಧಕ (1937), ಚಿತ್ರದ ಕಪ್ಪು ಮಟ್ಟವನ್ನು ಸ್ಥಿರಗೊಳಿಸುವ ಮಂಡಲಗಳು ಇದೇ ಅವಧಿಯ ಇತರ ಕೊಡುಗೆಗಳು.

ಯುದ್ಧಕಾಲ ಮತ್ತು ಮರಣ

ಎರಡನೆಯ ಮಹಾಯುದ್ಧ ಸಮೀಪಿಸಿದಂತೆ ಇ.ಎಂ.ಐ. ತಂಡ ರಕ್ಷಣಾ ಕಾರ್ಯಕ್ಕೆ ತಿರುಗಿತು. ಶತ್ರು ವಿಮಾನದ ಸದ್ದಿನಿಂದ ಅದರ ದಿಕ್ಕನ್ನು ತೆರೆಯ ಮೇಲೆ ತೋರಿಸುವ ಸಾಧನಕ್ಕೆ ಸ್ಟೀರಿಯೊ ಪ್ರಯೋಗಗಳ ಅನುಭವ ನೆರವಾಯಿತು. ರಾತ್ರಿ ಹಾರುವ ಯುದ್ಧವಿಮಾನಗಳ ರೇಡಾರಿನಲ್ಲೂ ಬ್ಲಮ್‌ಲೈನ್ ದುಡಿದರು. ಬಳಿಕ ಕೈಗೆತ್ತಿಕೊಂಡದ್ದು ಎಚ್‌2ಎಸ್ ಎಂಬ ರೇಡಾರ್. ಮೋಡ ಮುಸುಕಿದ ರಾತ್ರಿಯಲ್ಲೂ ಕೆಳಗಿನ ಊರು, ನದಿ, ಕರಾವಳಿಗಳ ನಕ್ಷೆಯನ್ನು ಬಾಂಬರ್ ವಿಮಾನದೊಳಗೆ ತೋರಿಸುವ ಸಾಧನವದು. ಪರೀಕ್ಷೆಗಳು ಡೆಫರ್ಡ್ ವಿಮಾನ ನೆಲೆಯಿಂದ ನಡೆಯುತ್ತಿದ್ದವು.

1942ರ ಜೂನ್ 7ರ ಭಾನುವಾರ ಎಚ್‌2ಎಸ್ ಹೊತ್ತ ಹ್ಯಾಲಿಫ್ಯಾಕ್ಸ್ ವಿಮಾನ ವಿ9977 ಪರೀಕ್ಷಾ ಹಾರಾಟದಲ್ಲಿದ್ದಾಗ ಅದರ ಬಲ ರೆಕ್ಕೆಯ ಹೊರ ಎಂಜಿನ್‌ಗೆ ಬೆಂಕಿ ಹತ್ತಿತು. ಇಳಿಯಲು ಜಾಗ ಹುಡುಕುತ್ತಿದ್ದಂತೆಯೇ ಬೆಂಕಿ ರೆಕ್ಕೆಯನ್ನು ಆವರಿಸಿ, ಹೆರ್ಫರ್ಡ್‌ಶೈರಿನ ವೆಲ್ಷ್ ಬಿಕ್ನರ್ ಹಳ್ಳಿಯ ಬಳಿ ವಿಮಾನ ನೆಲಕ್ಕಪ್ಪಳಿಸಿತು. ಒಳಗಿದ್ದ 11 ಮಂದಿಯೂ ಮೃತಪಟ್ಟರು. ಅವರಲ್ಲಿ ಬ್ಲಮ್‌ಲೈನ್, ಇ.ಎಂ.ಐ. ಸಹೋದ್ಯೋಗಿಗಳಾದ ಸೆಸಿಲ್ ಬ್ರೌನ್ ಮತ್ತು ಫ್ರ್ಯಾಂಕ್ ಬ್ಲೈದನ್ ಸೇರಿದ್ದರು. ಮೂವತ್ತೊಂಬತ್ತು ತುಂಬಲು ಬ್ಲಮ್‌ಲೈನರಿಗೆ ಇನ್ನು ಮೂರು ವಾರಗಳಷ್ಟೇ ಉಳಿದಿದ್ದವು. ಎಂಜಿನ್ನಿನ ಅವಶೇಷಗಳನ್ನು ಪರೀಕ್ಷಿಸಿದ ತಜ್ಞರು, ಹಾರಾಟಕ್ಕೆ ಮುನ್ನ ನಡೆದ ತಪಾಸಣೆಯ ವೇಳೆ ಒಂದು ಟ್ಯಾಪೆಟ್ ನಟ್ಟನ್ನು ಸರಿಯಾಗಿ ಬಿಗಿಯದೆ ಬಿಟ್ಟದ್ದರಿಂದ ಎಂಜಿನ್ ವಾಲ್ವು ಮುರಿದು ಇಂಧನಕ್ಕೆ ಬೆಂಕಿ ತಗುಲಿತೆಂದು ಕಂಡುಕೊಂಡರು.

ಕೆಲಸ ರಹಸ್ಯವಾದುದಾಗಿದ್ದರಿಂದ ಸಾವಿನ ಸಂದರ್ಭವನ್ನೂ ಗುಟ್ಟಾಗಿಡಲಾಯಿತು. ಬ್ಲಮ್‌ಲೈನ್ ಏನು ಮಾಡುತ್ತಿದ್ದರೆಂದು ಆಗ ಬರೆಯುವಂತಿರಲಿಲ್ಲ. ಬರೆಯಬಹುದಾದ ಕಾಲ ಬಂದಾಗ ಓದುಗರ ಕುತೂಹಲ ಬೇರೆಡೆಗೆ ಹರಿದಿತ್ತು. ತಂಡದ ಉಳಿದವರು ಬರ್ನಾರ್ಡ್ ಲವೆಲ್ ಮೊದಲಾದ ವಿಜ್ಞಾನಿಗಳೊಂದಿಗೆ ಕೆಲಸ ಮುಂದುವರಿಸಿ, 1943ರ ಜನವರಿ ಕೊನೆಯ ವೇಳೆಗೆ ಎಚ್‌2ಎಸ್ ರೇಡಾರನ್ನು ಯುದ್ಧದ ಬಳಕೆಗೆ ತಂದರು. ಅಂದಿನ ದಾಳಿ ಹ್ಯಾಂಬರ್ಗ್ ನಗರದ ಮೇಲೆ ನಡೆಯಿತು. ತಂದೆಯ ಜನ್ಮಭೂಮಿಯ ವಿರುದ್ಧ ಬಳಕೆಯಾದ ಆಯುಧಕ್ಕಾಗಿ ಮಗ ಪ್ರಾಣ ತೆತ್ತದ್ದನ್ನು ಹೆಚ್ಚಿನ ಬರಹಗಳು ಗಮನಿಸದೆ ಬಿಡುತ್ತವೆ.

ಸ್ಮರಣೆ

ಬ್ಲಮ್‌ಲೈನರ ಪೂರ್ಣ ಪ್ರಮಾಣದ ಜೀವನಚರಿತ್ರೆಗಳು ಪ್ರಕಟವಾದದ್ದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ: ರಾಬರ್ಟ್ ಅಲೆಕ್ಸಾಂಡರ್ ಅವರದು 1999ರಲ್ಲಿ, ರಸೆಲ್ ಬರ್ನ್ಸ್ ಅವರದು 2000ದಲ್ಲಿ. ಲಂಡನ್ನಿನ ಈಲಿಂಗ್‌ನಲ್ಲಿ ಇವರು ವಾಸಿಸಿದ್ದ ಮನೆಗೆ 1977ರಲ್ಲಿ ನೀಲಿ ಫಲಕ ಹಾಕಲಾಯಿತು. ಸ್ಟೀರಿಯೊ ಆವಿಷ್ಕಾರದ ನೆನಪಿಗೆ ಆಬಿ ರೋಡ್ ಸ್ಟುಡಿಯೊದಲ್ಲಿ 2015ರಲ್ಲಿ ಐ.ಇ.ಇ.ಇ. ಸಂಸ್ಥೆಯ ಮೈಲಿಗಲ್ಲು ಫಲಕ ಅನಾವರಣಗೊಂಡಿತು. 2017ರಲ್ಲಿ ಮರಣೋತ್ತರವಾಗಿ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿ ಸಂದಿತು. ಅಪಘಾತದ ಸ್ಥಳಕ್ಕೆ ಸಮೀಪದ ಗುಡ್‌ರಿಚ್ ಕೋಟೆಯ ಪ್ರಾರ್ಥನಾ ಮಂದಿರದಲ್ಲಿ, ರೇಡಾರ್ ಕಾರ್ಯದಲ್ಲಿ ಮಡಿದವರ ಸ್ಮಾರಕವಾಗಿ ಬಣ್ಣದ ಗಾಜಿನ ಕಿಟಕಿಯೊಂದಿದೆ.